ನಾಯಿಯನ್ನು ಬೋರ್ಡಿಂಗಿಗೆ ಬಿಡುವ ಮುನ್ನ ಫ್ಲೂ ಲಸಿಕೆ

ಅಮೆರಿಕದಲ್ಲಿರುವ ಎಷ್ಟೋ ಕನ್ನಡಿಗರು ರಜೆಗೆ ಊರಿಗೆ ಹೊರಟಾಗ ನಾಯಿಯನ್ನು ಬೋರ್ಡಿಂಗಿನಲ್ಲಿ, ಅಂದರೆ ದುಡ್ಡು ತೆಗೆದುಕೊಂಡು ನಾಯಿಗಳನ್ನು ನೋಡಿಕೊಳ್ಳುವ ಜಾಗದಲ್ಲಿ, ಬಿಡುತ್ತಾರೆ. ನಾಯಿ ಫ್ಲೂ ಹರಡಲು ಅಂಥ ಜಾಗ ಹೇಳಿ ಮಾಡಿಸಿದ್ದು. 2015ರಲ್ಲಿ ಷಿಕಾಗೊ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ನಾಯಿಗಳು ಕಾಯಿಲೆ ಬಿದ್ದಿದ್ದವು. ಕಾರಣ, ಏಷ್ಯಾದಿಂದ ಬಂದ ಎಚ್3ಎನ್2 ವೈರಸ್. 2004ರಲ್ಲಿ ಫ್ಲಾರಿಡಾದ ರೇಸಿನ ಗ್ರೇಹೌಂಡ್ ನಾಯಿಗಳಿಗೆ ತಗುಲಿದ್ದು ಕುದುರೆಗಳಿಂದ ಬಂದ ಎಚ್3ಎನ್8.

ಮೊದಲ ಕೆಲಸ, ಬೋರ್ಡಿಂಗಿಗೆ ಬಿಡುವ ದಿನದಿಂದ ಹಿಂದಕ್ಕೆ ಎಣಿಸುವುದು. ಫ್ಲೂ ಲಸಿಕೆಗೆ ಎರಡು ಡೋಸ್, ನಡುವೆ 2ರಿಂದ 4 ವಾರ ಅಂತರ. ಎರಡನೆಯದು ಬಿದ್ದ ಮೇಲೂ ರಕ್ಷಣೆ ಗಟ್ಟಿಯಾಗಲು ಒಂದೆರಡು ವಾರ ಹಿಡಿಯುತ್ತದೆ. ಹಾಗಾಗಿ ಆರು ವಾರ ಮೊದಲೇ ಪಶುವೈದ್ಯರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಟಿಕೆಟ್ ಬುಕ್ ಮಾಡಿದ ದಿನವೇ ಮಾಡಿದರೆ ಇನ್ನೂ ಒಳ್ಳೆಯದು. ಎರಡೂ ಬಗೆಯ ವೈರಸ್ಸಿಗೆ ಆಗುವ ಲಸಿಕೆಯನ್ನೇ ಕೇಳಿ. ಆಮೇಲೆ ವರ್ಷಕ್ಕೊಂದು ಬೂಸ್ಟರ್. ‘ರೇಬೀಸ್, ಪಾರ್ವೊ ಎಲ್ಲ ಹಾಕಿಸಿದ್ದೇವಲ್ಲ’ ಎಂದು ಸುಮ್ಮನಾಗಬೇಡಿ. ಅವು ಫ್ಲೂ ತಡೆಯುವುದಿಲ್ಲ, ಕೆನೆಲ್ ಕಾಫ್ (ನಾಯಿಗಳ ಅಂಟು ಕೆಮ್ಮು) ಲಸಿಕೆಯೂ ತಡೆಯುವುದಿಲ್ಲ. ಫ್ಲೂ ಲಸಿಕೆ ಹಾಕಿಸಿದ ನಾಯಿಗೂ ಸೋಂಕು ತಗುಲಬಹುದು, ಆದರೆ ಕಾಯಿಲೆ ಸಾಮಾನ್ಯವಾಗಿ ಹಗುರವಾಗಿ ಹೋಗುತ್ತದೆ. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಮೊದಲೇ ಉಸಿರಾಟ ಕಷ್ಟ. ಅವುಗಳ ವಿಷಯದಲ್ಲಿ ಮೀನಮೇಷ ಎಣಿಸಲೇಬಾರದು.

ಬೋರ್ಡಿಂಗಿನವರನ್ನು ನೇರವಾಗಿ ಕೇಳಿ: ಎಲ್ಲ ನಾಯಿಗಳಿಗೂ ಫ್ಲೂ ಲಸಿಕೆ ಕಡ್ಡಾಯವೇ? ಕೆಮ್ಮುವ ನಾಯಿಯನ್ನು ಎಲ್ಲಿಡುತ್ತೀರಿ? ತಡವರಿಸಿದರೆ ಬೇರೆ ಕಡೆ ನೋಡಿ. ಸೋಂಕು ತಗುಲಿದ ನಾಯಿ ಕೆಮ್ಮು ಶುರುವಾಗುವ ಮೊದಲೇ ವೈರಸ್ ಹರಡುತ್ತಿರುತ್ತದೆ. ಕೆಲವು ನಾಯಿಗಳಲ್ಲಂತೂ ಲಕ್ಷಣವೇ ಕಾಣುವುದಿಲ್ಲ. ನೋಡಲು ಚೆನ್ನಾಗಿದೆ ಎಂಬುದನ್ನು ನಂಬಿ ಕೂರುವಂತಿಲ್ಲ.

ವೈರಸ್ ಬಟ್ಟಲು, ಬೆಲ್ಟ್, ಗೂಡಿನ ಮೇಲೆ 48 ಗಂಟೆ, ಬಟ್ಟೆಯ ಮೇಲೆ 24 ಗಂಟೆ, ಕೈಮೇಲೆ 12 ಗಂಟೆ ಬದುಕಿರಬಲ್ಲದು. ಸೋಪು ನೀರಿಗೆ ಸುಲಭವಾಗಿ ಸಾಯುತ್ತದೆ. ಬೇರೆಯವರ ನಾಯಿಯನ್ನು ಮುದ್ದಾಡಿ ಬಂದರೆ ಕೈ ತೊಳೆದೇ ನಿಮ್ಮದನ್ನು ಮುಟ್ಟಿ.

ಕೆಮ್ಮು, ಮೂಗಿನಲ್ಲಿ ಸುರಿಕೆ, ಜ್ವರ, ಊಟ ಬೇಡವೆನ್ನುವುದು ಕಂಡರೆ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಕರೆಯುವ ತನಕ ಕಾರಿನಲ್ಲೇ ಇರಿ. ಕಾಯುವ ಕೋಣೆಯಲ್ಲಿ ಕೂತರೆ ಅಲ್ಲಿರುವ ನಾಯಿಗಳಿಗೂ ಅಂಟುತ್ತದೆ. ಎಚ್3ಎನ್2 ಎಂದು ಖಚಿತವಾದರೆ ಕನಿಷ್ಠ 21 ದಿನ ಬೇರೆ ನಾಯಿಗಳಿಂದ ದೂರವಿಡಿ. ಈ ಬಗೆ ಬೆಕ್ಕಿಗೂ ತಗುಲುತ್ತದೆ. ಹೆಚ್ಚಿನ ನಾಯಿಗಳು ಎರಡು ಮೂರು ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ಏದುಸಿರು ಬಿಡತೊಡಗಿದರೆ ಮಾತ್ರ ನ್ಯುಮೋನಿಯಾ ಇರಬಹುದು. ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸೆಗೆ ಒಯ್ಯಿರಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಲೇಬೇಡಿ. ಅವು ನಾಯಿಗೆ ವಿಷವಾಗಬಹುದು.