ಹಕ್ಕಿ ಹಿಂದೆ ಓಡಬೇಡಿ, ಕಾಲುವೆ ಏರಿ ಮೇಲೆ ಕೂತುಕೊಳ್ಳಿ: ಹಕ್ಕಿ, ಹುಳದ ಫೋಟೋ ತೆಗೆಯುವ ಬಗೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರು ಹಕ್ಕಿ ಫೋಟೋ ತೆಗೆಯಲು ಕಾಡು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಗ್ಗೆ ಆರೂವರೆಗೆ ತುಂಗಭದ್ರಾ ಎಡದಂಡೆ ಕಾಲುವೆ ಹತ್ತಿರ ಹೋಗಿ ನಿಂತರೆ ಸಾಕು. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಜಾಲಿ, ಆಚೆ ಬಂಡೆಗುಡ್ಡ. ಮಿಂಚುಳ್ಳಿ, ಕಾಜಾಣ, ಬೆಳ್ಳಕ್ಕಿ, ಬಾಯ್ಕಳಕ ಕೊಕ್ಕರೆ, ನಮ್ಮ ರಾಜ್ಯದ ಹಕ್ಕಿ ನೀಲಕಂಠ, ಎಲ್ಲವೂ ಅಲ್ಲೇ ಓಡಾಡಿಕೊಂಡಿರುತ್ತವೆ. ಆದರೆ ಹೊಸದಾಗಿ ಕ್ಯಾಮೆರಾ ಹಿಡಿದವರು ಹಕ್ಕಿ ಕಂಡ ಕೂಡಲೇ ಅದರ ಕಡೆ ನಡೆಯುತ್ತಾರೆ. ನೀವು ಎರಡು ಹೆಜ್ಜೆ ಇಟ್ಟರೆ ಅದು ಎರಡು ಕಂಬ ಮುಂದೆ ಹೋಗಿ ಕೂರುತ್ತದೆ. ಇಡೀ ಬೆಳಗು ಹೀಗೇ ಕಳೆದು, ಕೊನೆಗೆ ಬಾಲದ ಫೋಟೋ ಮಾತ್ರ ಸಿಗುತ್ತದೆ ಅಲ್ವಾ?

ಕಳ್ಳಿಪೀರದಿಂದ (ಇಂಗ್ಲಿಷ್‌ನಲ್ಲಿ ಬೀ ಈಟರ್) ಶುರು ಮಾಡಿ. ಕಲಿಯಲು ಅದಕ್ಕಿಂತ ಒಳ್ಳೆಯ ಹಕ್ಕಿ ಇಲ್ಲ ಅನ್ನುವುದು ನನ್ನ ಅನುಭವ. ಅದು ತಂತಿ ಮೇಲೋ ಒಣ ಟೊಂಗೆ ಮೇಲೋ ಕೂತಿರುತ್ತದೆ, ಹುಳ ಕಂಡರೆ ಸರ್ರನೆ ಹಾರಿ ಗಾಳಿಯಲ್ಲೇ ಹಿಡಿಯುತ್ತದೆ, ಹಿಡಿದದ್ದನ್ನು ಬಾಯಲ್ಲಿಟ್ಟುಕೊಂಡು ಬಹಳ ಸಲ ಅದೇ ಟೊಂಗೆಗೆ ವಾಪಸ್ ಬರುತ್ತದೆ. ಬಂದು ಹುಳವನ್ನು ಟೊಂಗೆಗೆ ಟಪ ಟಪ ಬಡಿಯುತ್ತದೆ, ಜೇನ್ನೊಣ ಆಗಿದ್ದರೆ ಮುಳ್ಳು ಹೋಗುವ ಹಾಗೆ ಉಜ್ಜುತ್ತದೆ, ಆಮೇಲೆ ಮೇಲೆ ಚಿಮ್ಮಿ ನುಂಗುತ್ತದೆ. ಇದೆಲ್ಲ ಕೆಲವೇ ಸೆಕೆಂಡಿನ ಆಟ. ಹಕ್ಕಿ ಹಾರಿಹೋದಾಗ ಕ್ಯಾಮೆರಾ ಇಳಿಸಬೇಡಿ. ಖಾಲಿ ಟೊಂಗೆಗೇ ಫೋಕಸ್ ಇಟ್ಟುಕೊಂಡು, ಅದು ಇಳಿಯಲು ಜಾಗ ಬಿಟ್ಟು ಫ್ರೇಮ್ ಮಾಡಿ, ಕಾಯಿರಿ.

ಬಿಸಿಲಿಗೆ ಬೆನ್ನು ಕೊಟ್ಟು ಕೂರಿ. ಬಿಳಿ ಅಂಗಿ ಬೇಡ, ಮಣ್ಣಿನ ಬಣ್ಣದ್ದು ಹಾಕಿ. ಬೈಕ್ ಇದ್ದರೆ ಅದರ ಪಕ್ಕದಲ್ಲೇ ಕೂರಿ. ಕಾರಿದ್ದರೆ ಇನ್ನೂ ಒಳ್ಳೆಯದು, ಮನುಷ್ಯನಿಗೆ ಹೆದರುವಷ್ಟು ಹಕ್ಕಿಗಳು ನಿಂತ ಗಾಡಿಗೆ ಹೆದರುವುದಿಲ್ಲ. ಎಂಜಿನ್ ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಅದರ ನಡುಕ ಫೋಟೋದಲ್ಲಿ ಕಾಣುತ್ತದೆ. ಲೆನ್ಸ್ ಇಡಲು ಒಂದು ಹಳೆ ಪ್ಯಾಂಟಿನ ಕಾಲು ಕತ್ತರಿಸಿ, ಜೋಳ ತುಂಬಿ, ಎರಡೂ ತುದಿ ಹೊಲಿದುಬಿಡಿ. ಕಾರಿನ ಕಿಟಕಿ ಮೇಲೂ ನಡೆಯುತ್ತದೆ, ಗದ್ದೆ ಬದುವಿನ ಮೇಲೂ ನಡೆಯುತ್ತದೆ. ಒಂದು ಮಾತು: ಮಳೆ ಬಿದ್ದ ಮಾರನೇ ದಿನ ಎರೆ ಹೊಲದ ದಾರಿಗೆ ಗಾಡಿ ಇಳಿಸಬೇಡಿ, ಮಣ್ಣು ಮೆತ್ತಿಕೊಂಡು ಚಕ್ರ ತಿರುಗುವುದೇ ಇಲ್ಲ.

ಸೆಟ್ಟಿಂಗ್ ವಿಷಯ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೂತ ಹಕ್ಕಿಗೆ ಶಟರ್ ಸ್ಪೀಡ್ 1/1000 ಸೆಕೆಂಡ್ ಸುತ್ತಮುತ್ತ, ಹಾರುವುದಕ್ಕೆ 1/2000 ಅಥವಾ ಇನ್ನೂ ವೇಗ, ಐಎಸ್‌ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್) ಆಟೋ, ಫೋಕಸ್ ಯಾವಾಗಲೂ ಕಣ್ಣಿನ ಮೇಲೆ. ಎಡವುವುದು ಬೆಳ್ಳಕ್ಕಿ ಹತ್ತಿರ. ಆಗಸ್ಟ್‌ನಲ್ಲಿ ನಾಟಿಗೆ ಮೊದಲು ಕೆಸರು ಗದ್ದೆಯಲ್ಲಿ ಟ್ರ್ಯಾಕ್ಟರ್ ಓಡುವಾಗ ಹಿಂದೆಯೇ ಸಾಲುಗಟ್ಟಿ ಬರುತ್ತವಲ್ಲ, ಆಗ ಹಿನ್ನೆಲೆ ಕಪ್ಪು, ಹಕ್ಕಿ ಬಿಳಿ. ಕ್ಯಾಮೆರಾ ಆ ಕಪ್ಪನ್ನು ನೋಡಿ ಇಡೀ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ, ರೆಕ್ಕೆಯ ಒಂದು ಗರಿಯೂ ಕಾಣುವುದಿಲ್ಲ. ಎಕ್ಸ್‌ಪೋಷರ್ ಅನ್ನು ಒಂದು ಸ್ಟಾಪ್ (ಕ್ಯಾಮೆರಾದಲ್ಲಿ -1) ಇಳಿಸಿ. ಹಿಂದೆ ಬೆಳ್ಳನೆ ಆಕಾಶ ಇರುವ ಕಪ್ಪು ಕಾಜಾಣಕ್ಕೆ ಇದರ ಉಲ್ಟಾ, ಒಂದು ಸ್ಟಾಪ್ ಏರಿಸಿ.

ಬೇಸಿಗೆಯಲ್ಲಿ ಒಂಬತ್ತು ಗಂಟೆಗೆ ಮನೆಗೆ ಹೊರಡಿ. ನೆಲ ಕಾದು ಬಿಸಿಗಾಳಿ ಏಳುತ್ತದೆ, ದೂರದ ಹಕ್ಕಿ ಅಲುಗಾಡಿದ ಹಾಗೆ ಕಾಣುತ್ತದೆ. ಲಕ್ಷ ರೂಪಾಯಿ ಲೆನ್ಸ್ ಹಾಕಿದರೂ ಅದು ಶಾರ್ಪ್ ಬರುವುದಿಲ್ಲ.

ಹುಳಗಳಿಗೆ ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ರಾತ್ರಿ ತಂಪಿಗೆ ಅವುಗಳ ಮೈ ಕಾದಿರುವುದಿಲ್ಲ, ಸೂರ್ಯ ಏರುವ ತನಕ ಹಾರಲಾರವು. ಇಬ್ಬನಿ ಬಿದ್ದ ದಿನ ಏರೋಪ್ಲೇನ್ ಚಿಟ್ಟೆಯ ರೆಕ್ಕೆ ತುಂಬಾ ಸಣ್ಣ ಸಣ್ಣ ಹನಿ ಕೂತಿರುತ್ತದೆ. ಕ್ಯಾಮೆರಾವನ್ನು ರೆಕ್ಕೆಗೆ ಸಮಾನಾಂತರ ಹಿಡಿಯಿರಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್8 ರಿಂದ ಎಫ್11 ಇಡಿ, ಆಗ ತಲೆಯಿಂದ ಬಾಲದವರೆಗೆ ಸ್ಪಷ್ಟ ಬರುತ್ತದೆ. ಫೋನ್ ಇರುವವರು ಕ್ಲಿಪ್ ಹಾಕುವ ಮ್ಯಾಕ್ರೋ ಲೆನ್ಸ್ ತಗೊಳ್ಳಿ. ತೀರಾ ಹತ್ತಿರ ಹೋಗಬೇಕಾಗುತ್ತದೆ, ಉಸಿರು ಹಿಡಿದು, ನಿಮ್ಮ ನೆರಳು ಹುಳದ ಮೇಲೆ ಬೀಳದ ಹಾಗೆ ನೋಡಿಕೊಂಡು, ಮೆಲ್ಲಗೆ. ಎಲ್ಲಿ ಹುಡುಕಬೇಕು ಅಂತ ಕೇಳಿದರೆ ಎಕ್ಕೆ ಗಿಡ ಅನ್ನುತ್ತೇನೆ. ಅದರ ಎಲೆಗಳ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳ ಕಂಡರೆ ಬಿಡಬೇಡಿ, ಅದೇ ಮುಂದೆ ಕಿತ್ತಳೆ ಬಣ್ಣದ ಪಾತರಗಿತ್ತಿ ಆಗುವುದು. ದಿನಾ ಅದೇ ಗಿಡಕ್ಕೆ ಹೋದರೆ ಇಡೀ ಬದುಕಿನ ಫೋಟೋ ಸಿಗುತ್ತದೆ. ಹುಳವನ್ನು ಫ್ರಿಜ್‌ನಲ್ಲಿಟ್ಟು ಮರಗಟ್ಟಿಸಿ ತೆಗೆಯುವವರಿದ್ದಾರೆ, ಖಂಡಿತ ಮಾಡಬೇಡಿ. ಔಷಧಿ ಹೊಡೆದ ಗದ್ದೆಯ ಬದುವಿನ ಮೇಲೆ ಮಲಗಬೇಡಿ, ಮೊದಲು ರೈತರನ್ನು ಕೇಳಿ. ಅವರನ್ನು ಮಾತಾಡಿಸಿದರೆ ಯಾವ ಹಕ್ಕಿ ಎಲ್ಲಿ ಕೂರುತ್ತದೆ ಅಂತಲೂ ಹೇಳುತ್ತಾರೆ. ಆನೆಗೊಂದಿ ಸುತ್ತಿನ ಬೆಟ್ಟಗಳಲ್ಲಿ ಚಿರತೆ, ಕರಡಿ ಇವೆ, ಅಲ್ಲಿ ಮಬ್ಬುಗತ್ತಲಲ್ಲಿ ಒಬ್ಬರೇ ಹೋಗಬೇಡಿ.

ಗೂಡಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಒಂದು ಏಪ್ರಿಲ್‌ನಲ್ಲಿ ಗರಸು ನೆಲದ ಮೇಲೆ ಮಲಗಿ ಟಿಟ್ಟಿಭದ ಫೋಟೋ ತೆಗೆಯುತ್ತಿದ್ದೆ. ಅದು ಕೂಗುತ್ತಾ ನನ್ನ ತಲೆ ಮೇಲೆಯೇ ಸುತ್ತುತ್ತಿತ್ತು, ಒಳ್ಳೆಯ ಫೋಟೋ ಸಿಗುತ್ತಿದೆ ಅಂತ ಹತ್ತು ನಿಮಿಷ ಅಲ್ಲೇ ಇದ್ದೆ. ಏಳುವಾಗ ನೋಡಿದರೆ ಪಕ್ಕದಲ್ಲೇ ಕಲ್ಲುಗಳ ನಡುವೆ ಕಲ್ಲಿನಂತೆಯೇ ನಾಲ್ಕು ಮೊಟ್ಟೆ. ಅಂಗೈ ನೆಲಕ್ಕಿಟ್ಟೆ, ಇಡಲಾಗಲಿಲ್ಲ, ಅಷ್ಟು ಬಿಸಿ. ದೂರ ಹೋಗಿ ಕಾಲುವೆ ಏರಿ ಮೇಲೆ ಕೂತು ನೋಡಿದೆ. ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂತಿತು. ಆ ಬಿಸಿಲಿಗೆ ಮೊಟ್ಟೆ ಬೇಯದಿರಲಿ ಅಂತ ಅದು ಹೀಗೆ ಓಡಾಡುತ್ತಿರುತ್ತದೆ, ನಾನು ಹತ್ತು ನಿಮಿಷ ಅದನ್ನು ತಡೆದಿದ್ದೆ. ಹಾಗಾಗಿ ಹಕ್ಕಿ ಒಂದೇ ಸಮ ಕೂಗುತ್ತಾ ನಿಮ್ಮ ಸುತ್ತ ಹಾರಿದರೆ, ಕಾಲಿಡುವ ಜಾಗ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಗೂಡು ಕಾಣಲಿ ಅಂತ ಟೊಂಗೆ ಕತ್ತರಿಸಬೇಡಿ, ಹಕ್ಕಿ ಕರೆಯಲು ಫೋನಿನಲ್ಲಿ ಅದರ ಕೂಗು ಹಾಕಬೇಡಿ.

ಸಿರುಗುಪ್ಪದ ಎರೆ ಹೊಲಗಳ ಕಡೆ ಹೋದಾಗ ಅಪ್ಪಿತಪ್ಪಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಂಡರೆ ಗಾಡಿಯಿಂದ ಇಳಿಯಬೇಡಿ. ಈಗ ನಮ್ಮ ರಾಜ್ಯದಲ್ಲಿ ಬೆರಳೆಣಿಕೆಯಷ್ಟೇ ಉಳಿದ ಹಕ್ಕಿ ಅದು. ಅರಣ್ಯ ಇಲಾಖೆಗೆ ತಿಳಿಸಿ. ಫೋಟೋ ಹಾಕುವ ಮೊದಲು ಫೋನಿನ ಲೊಕೇಶನ್ ತೆಗೆದುಬಿಡಿ, ಊರಿನ ಹೆಸರನ್ನೂ ಬರೆಯಬೇಡಿ.