ಬದನೆ ಎಲೆಯ ಮೇಲೆ ಜೀನ್ ಸದ್ದಡಗಿಸಿದ್ದು: ನನ್ನ ಅನುಭವ

ಬದನೆ ಗಿಡದಲ್ಲಿ ಗುಲಗಂಜಿ ಹುಳ ಕಂಡರೆ, ಖುಷಿಪಡುವ ಮುಂಚೆ ಎಲೆಯನ್ನೊಮ್ಮೆ ತಿರುಗಿಸಿ ನೋಡಿ. ಸಸ್ಯಹೇನು ತಿನ್ನುವ ಒಳ್ಳೆಯ ಗುಲಗಂಜಿಗೆ ಒಬ್ಬ ದಾಯಾದಿ ಇದ್ದಾನೆ. ಮೈಮೇಲೆ 28 ಚುಕ್ಕೆ, ಊಟ ಮಾತ್ರ ಬದನೆ ಎಲೆ. ಇದರ ಹಳದಿ ಮರಿಗಳು ಕವಲೊಡೆದ ಮುಳ್ಳು ಹೊತ್ತುಕೊಂಡು ಎಲೆಯಡಿ ಕೂತು ಹಸಿರನ್ನಷ್ಟೇ ಕೆರೆದು ತಿಂದು ಜಾಲರಿ ಉಳಿಸುತ್ತವೆ. ಎಪಿಲಾಕ್ನ ದುಂಬಿ ಅಂತ ಇದರ ಹೆಸರು. ಜೀನ್ ಸದ್ದಡಗಿಸುವ, ಅಂದರೆ ಒಂದು ಜೀನ್ ಕೆಲಸ ಮಾಡದಂತೆ ತಡೆಯುವ ಕೆಲಸ ನಾನು ಕಲಿತದ್ದು ಇದರ ಮೇಲೆ, ಬೆಂಗಳೂರಿನ ಒಂದು ಲ್ಯಾಬಿನಲ್ಲಿ.

ಜೀನಿನ ಸಂದೇಶ ಹೊತ್ತೊಯ್ಯುವ ಅಣು ಆರ್‌ಎನ್‌ಎ, ಸಾಮಾನ್ಯವಾಗಿ ಒಂದೇ ಎಳೆಯದು. ಎರಡೆಳೆಯ ಆರ್‌ಎನ್‌ಎ ಒಳಗೆ ಬಂದರೆ ಜೀವಕೋಶ ಅದನ್ನು ವೈರಸ್ಸೆಂದೇ ಬಗೆದು ಸುಮಾರು 21 ಅಕ್ಷರದ ಚೂರುಗಳಾಗಿ ಹೆಚ್ಚುತ್ತದೆ. ಆಮೇಲೆ ಆ ಚೂರುಗಳಿಗೆ ಹೊಂದುವ ಸಂದೇಶ ಎಲ್ಲಿ ಸಿಕ್ಕರೂ, ಅದು ತನ್ನದೇ ಆಗಿದ್ದರೂ, ಕತ್ತರಿಸಿ ಹಾಕುತ್ತದೆ. 1998ರಲ್ಲಿ ಫೈರ್ ಮತ್ತು ಮೆಲ್ಲೊ ಪುಟ್ಟ ದುಂಡುಹುಳದಲ್ಲಿ ಇದನ್ನು ತೋರಿಸಿದರು, 2006ರಲ್ಲಿ ನೊಬೆಲ್ ಬಂತು. ನಾವು ಆರಿಸಿಕೊಂಡದ್ದು ವಿ-ಎಟಿಪೇಸ್ ಎಂಬ ಜೀನನ್ನು. ಕರುಳಿನ ಕೋಶಗಳಲ್ಲಿ ಪ್ರೋಟಾನ್ ತಳ್ಳುವ ಪಂಪು ಇದರಿಂದ ತಯಾರಾಗುತ್ತದೆ, ಪಂಪು ನಿಂತರೆ ಹುಳ ಉಳಿಯದು. ಅಮೆರಿಕದಲ್ಲಿ 2007ರಲ್ಲೇ ಮೆಕ್ಕೆಜೋಳದ ಬೇರುಹುಳಕ್ಕೆ ಇದೇ ಜೀನಿನ ಏಟು ಕೊಟ್ಟಿದ್ದರು.

ಆರ್‌ಎನ್‌ಎಯನ್ನು ಕಿಟ್ಟಿನಲ್ಲಿ ತಯಾರಿಸಿದರೆ ಜೇಬು ತೂತು. ಹಾಗಾಗಿ ಬ್ಯಾಕ್ಟೀರಿಯದ ಕೈಲಿ ಮಾಡಿಸಿದೆವು. ಎಚ್‌ಟಿ115 ಎಂಬ ಇ. ಕೋಲೈ ತಳಿಯಲ್ಲಿ ಎರಡೆಳೆ ಆರ್‌ಎನ್‌ಎ ಕತ್ತರಿಸುವ ಕಿಣ್ವ ಇಲ್ಲ. ಅದರೊಳಗೆ ದುಂಬಿ ಜೀನಿನ ಚೂರಿಟ್ಟು, 37 ಡಿಗ್ರಿಯಲ್ಲಿ ಬೆಳೆಸಿ, ಆ ಚೂರನ್ನು ಚಾಲೂ ಮಾಡುವ ಐಪಿಟಿಜಿ ಎಂಬ ರಾಸಾಯನಿಕ ಹಾಕಿದರೆ ಕೆಲವೇ ಗಂಟೆಯಲ್ಲಿ ಸರಕು ತಯಾರು. ಆಮೇಲೆ ಬ್ಯಾಕ್ಟೀರಿಯವನ್ನು ಬಿಸಿಗೆ ಸಾಯಿಸಿ, ಆ ಕಲಕು ನೀರಿನಲ್ಲಿ ಎಲೆ ಅದ್ದಿ, ನೆರಳಲ್ಲಿ ಆರಿಸಿ, ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ ಡಬ್ಬಿಯಲ್ಲಿಟ್ಟು ಮರಿ ಬಿಡುವುದು.

ಮೊದಲ ಸಲ ಮರುದಿನವೇ ಮರಿಗಳೆಲ್ಲ ಸತ್ತು ಬಿದ್ದಿದ್ದವು. ಸಹೋದ್ಯೋಗಿ ಕಾಫಿ ಕೊಡಿಸಿದ. ಕಾಫಿ ಮುಗಿಸಿ ಬಂದು ನೋಡಿದರೆ ಬರೀ ನೀರಲ್ಲಿ ಅದ್ದಿದ ಎಲೆಯ ಡಬ್ಬಿಯಲ್ಲೂ ಅದೇ ಗತಿ! ಎಲೆ ತಂದದ್ದು ಹೊಸಕೋಟೆ ಕಡೆಯ ಹೊಲದಿಂದ, ಔಷಧಿ ಹೊಡೆದಿದ್ದಾರಾ ಅಂತ ನಾನು ಕೇಳಿರಲೇ ಇಲ್ಲ. ಆವತ್ತಿನಿಂದ ಕುಂಡದಲ್ಲಿ ನಾನೇ ಬೆಳೆಸಿದ ಗಿಡದ ಎಲೆಯೇ ಸೈ. ಜೊತೆಗೆ, ದುಂಬಿಗೆ ಸಂಬಂಧವೇ ಇಲ್ಲದ ಲೋಳೆಮೀನಿನ ಹಸಿರು ಪ್ರೋಟೀನಿನ ಜೀನಿನ ಎರಡೆಳೆ ಆರ್‌ಎನ್‌ಎ ತಿನ್ನಿಸಿದ ಡಬ್ಬಿಯೂ ಇರಲೇಬೇಕು. ಅದರಲ್ಲಿ ಮರಿಗಳು ಬದುಕಿ, ಇದರಲ್ಲಿ ಸತ್ತರೆ ಮಾತ್ರ ಲೆಕ್ಕ.

ಎರಡನೇ ಸಲ ನಿಜವಾದದ್ದು ಕಂಡಿತು. ಮೊದಲೆರಡು ದಿನ ಏನೂ ಇಲ್ಲ, ಹಾಯಾಗಿ ತಿನ್ನುತ್ತಿದ್ದವು. ಮೂರನೇ ದಿನ ಎಲೆಯ ಮೇಲಿನ ಕೆರೆತ ಚಿಕ್ಕದಾಯಿತು. ಪೊರೆ ಕಳಚಲು ಹೊರಟ ಒಂದು ಮರಿ ಅರ್ಧಕ್ಕೇ ನಿಂತು, ಹಳೇ ಚರ್ಮ ಬಾಲಕ್ಕೆ ಅಂಟಿಕೊಂಡೇ ಕಪ್ಪಾಯಿತು. ವಾರದೊಳಗೆ ಹೆಚ್ಚಿನವು ಹೋದವು. ಸತ್ತದ್ದನ್ನು ನೋಡಿ ನಂಬಬಾರದು ಅಂತ, ಬದುಕಿದ್ದಾಗಲೇ ಕೆಲವನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಸಂದೇಶ ಎಷ್ಟಿದೆ ಎಂದು ಅಳೆಯುವ ಪಿಸಿಆರ್ ಪರೀಕ್ಷೆ ಮಾಡಿದೆವು. ಆ ಜೀನಿನ ಸಂದೇಶ ನಿಜಕ್ಕೂ ಇಳಿದಿತ್ತು.

ಇದನ್ನು ಹೊಸಕೋಟೆಯ ಆ ರೈತರಿಗೆ ಹೇಳಿದೆ.

"ಎಷ್ಟು ದಿನಕ್ಕೆ ಸಾಯ್ತದಮ್ಮ?"

"ಆರೇಳು ದಿನ."

"ಅಷ್ಟರಲ್ಲಿ ಗಿಡಾನೇ ಇರಲ್ವಲ್ಲ."

"ಸಾಯೋಕೆ ಮುಂಚೆ ತಿನ್ನೋದು ಬಿಡ್ತವೆ ಅಣ್ಣ."

"ಇದು ಆ ಬಿಟಿ ಬದನೆ ಥರಾನಾ?"

ಅಲ್ಲ, ಗಿಡದ ಜೀನಿಗೆ ಕೈ ಹಾಕುತ್ತಿಲ್ಲ, ಹೊರಗಿನಿಂದ ಸಿಂಪಡಿಸುವುದಷ್ಟೇ ಅಂದೆ. ಬ್ಯಾಕ್ಟೀರಿಯದ ಜೀನ್ ಸೇರಿಸಿದ ಬಿಟಿ ಬದನೆಗೆ 2010ರಲ್ಲಿ ತಡೆ ಬಿದ್ದ ಗಲಾಟೆ ಅವರಿಗೆ ನೆನಪಿತ್ತು. ಅವರ ಹೊಲದಲ್ಲಿ ಸಿಂಪಡಿಸಲು ನಮಗೆ ಅನುಮತಿ ಇಲ್ಲ, ಕುಂಡದಾಚೆ ನಾವೂ ಹೋಗಿಲ್ಲ.

ನಿದ್ದೆಗೆಡಿಸಿದ್ದು ಆ ದಾಯಾದಿ ಸಂಬಂಧ. ಒಳ್ಳೆಯ ಗುಲಗಂಜಿಯ ಜೀನಿಗೂ ನಮ್ಮ ಚೂರಿಗೂ ಸಾಲಾಗಿ 21 ಅಕ್ಷರ ಹೊಂದಿಬಿಟ್ಟರೆ? ಮೊದಲು ಆರಿಸಿದ ಚೂರಿನಲ್ಲಿ ಅಂಥ ಜಾಗ ಸಿಕ್ಕಿತು. ಅದನ್ನು ಬಿಸಾಕಿ, ಜೀನಿನ ಬೇರೆ ಭಾಗ ಹುಡುಕಿ, ಸಕ್ಕರೆ ನೀರಿನಲ್ಲಿ ಬೆರೆಸಿ ಒಳ್ಳೆಯ ಗುಲಗಂಜಿಗೂ ಕುಡಿಸಿದೆವು. ಮೊಟ್ಟೆ ಇಡುವವರೆಗೂ ಕಾದೆವು. ಎರಡು ತಿಂಗಳು ಇದಕ್ಕೇ ಹೋಯಿತು, ಹೋಗಲಿ.

ಇನ್ನು ಬದನೆಯ ಅಸಲಿ ವೈರಿ, ಕಾಯಿ ಕೊರೆಯುವ ಹುಳ. ಅದರ ಮುಂದೆ ನಾವು ಸೋತೆವು. ಪತಂಗಗಳ ಮರಿಗಳ ಕರುಳು ಕ್ಷಾರಮಯ, ಆರ್‌ಎನ್‌ಎ ನುಂಗುವ ಕಿಣ್ವಗಳೂ ಧಾರಾಳ. ಅದರ ಕರುಳಿನ ರಸ ಬೆರೆಸಿ, ಆರ್‌ಎನ್‌ಎ ಉಳಿದಿದೆಯೇ ಎಂದು ತೋರಿಸುವ ಜೆಲ್‌ನಲ್ಲಿ ಓಡಿಸಿದರೆ, ದುಂಬಿಯ ರಸದಲ್ಲಿ ಇನ್ನೂ ಗೆರೆಯಾಗಿ ನಿಂತಿದ್ದ ಆರ್‌ಎನ್‌ಎ ಇಲ್ಲಿ ಮಾಸಿದ ಕಲೆಯಷ್ಟೇ. ಸಾಲದ್ದಕ್ಕೆ ಅದು ಕೂತಿರುವುದು ಕಾಯಿಯೊಳಗೆ, ನಾವು ಸಿಂಪಡಿಸುವುದು ಎಲೆಗೆ.

ದುಂಬಿಗೂ ಬಿಸಿಲಿನ ತಕರಾರಿದೆ. ಸಿಂಪಡಿಸಿದ ಕುಂಡಗಳನ್ನು ಕೆಲವು ದಿನ ಬಿಸಿಲಿಗಿಟ್ಟ ಮೇಲೆ ಮರಿ ಬಿಟ್ಟರೆ ಆರಾಮಾಗಿ ತಿಂದು ಕೊಬ್ಬುತ್ತವೆ. ಈಗ ಆರ್‌ಎನ್‌ಎಯನ್ನು ಜೇಡಿಯ ಸೂಕ್ಷ್ಮ ಕಣಗಳಿಗೆ ಅಂಟಿಸಿ ನೋಡುತ್ತಿದ್ದೇವೆ. ಆಸ್ಟ್ರೇಲಿಯಾದವರು ಗಿಡದ ವೈರಸ್ಸಿನ ಮೇಲೆ ಮಾಡಿ ತೋರಿಸಿದ ಉಪಾಯ ಅದು. ಆರು ಕುಂಡ ಬಲೆಮನೆಯಲ್ಲಿವೆ. ನಿನ್ನೆ ಸಂಜೆ ಮಳೆ ಹೊಯ್ದಿದೆ, ನಾಳೆ ಮರಿ ಬಿಡಬೇಕು.