ಒಂಟಿಸಾಲಿನ ಪಿಸ್ತೂಲು: ಕೈಗೆ ಹಿತವೋ, ಗುರಿಗೆ ಹಿತವೋ?

ಟೆಕ್ಸಾಸ್‌ನ ಬಂದೂಕಿನಂಗಡಿಯಲ್ಲಿ ಗಾಜಿನ ಕಟ್ಟೆಯ ಮುಂದೆ ನಿಂತು, ಪುಟ್ಟ ಪಿಸ್ತೂಲೊಂದನ್ನು ಅರೆನಿಮಿಷ ಮುಷ್ಟಿಯಲ್ಲಿ ಹಿಡಿದು ನೋಡಿ, ಕೈಗೆ ಚೆನ್ನಾಗಿ ಕೂರುತ್ತದೆಂದು ಹಣ ತೆತ್ತು ಬಂದ ಪರಿಚಿತರು ನನಗೆ ಹಲವರಿದ್ದಾರೆ. ಅವರಲ್ಲಿ ಹೆಚ್ಚಿನವರು ಎರಡು ಬಾರಿ ಶೂಟಿಂಗ್ ರೇಂಜಿಗೆ ಹೋಗಿ, ಅಂಗೈ ಉರಿಸಿಕೊಂಡು, ಗುಂಡುಗಳನ್ನು ಹಾಳೆಯ ಎಡಮೂಲೆಗೆ ಚೆಲ್ಲಿ, ಅದೇ ಪಿಸ್ತೂಲನ್ನು ನಷ್ಟಕ್ಕೆ ಮಾರಿದ್ದಾರೆ. ಖಾಲಿ ಪಿಸ್ತೂಲು ಕೈಗೆ ಹಿತವಾಗಿರುವುದಕ್ಕೂ, ಗುಂಡು ಹಾರಿದ ಮೇಲೆ ಅದು ಕೈಯಲ್ಲಿ ಅಲುಗದೆ ನಿಲ್ಲುವುದಕ್ಕೂ ಇರುವ ಸಂಬಂಧ ಬಹಳ ಸಡಿಲವಾದುದು. ಆದ್ದರಿಂದ ಹೋಲಿಕೆಯನ್ನು ಹಾರಿಸಿಯೇ ಮಾಡಬೇಕು.

ಮ್ಯಾಗಜಿನ್ನಿನೊಳಗೆ ಗುಂಡುಗಳು ಒಂದರ ಮೇಲೊಂದು ಒಂದೇ ಸಾಲಿನಲ್ಲಿ ಕೂರುವ ಪಿಸ್ತೂಲುಗಳನ್ನು ಇಲ್ಲಿ ಒಂಟಿಸಾಲಿನವೆಂದು ಕರೆದಿದ್ದೇನೆ. ಜೋಡಿಸಾಲಿನ ಗ್ಲಾಕ್ 19ರ ದಪ್ಪ ಸುಮಾರು 32 ಮಿ.ಮೀ. ಇದ್ದರೆ, 2015ರಲ್ಲಿ ಬಂದ ಒಂಟಿಸಾಲಿನ ಗ್ಲಾಕ್ 43ರ ದಪ್ಪ ಸುಮಾರು 27 ಮಿ.ಮೀ.; ತೂಕ 670 ಗ್ರಾಂನಿಂದ 510 ಗ್ರಾಂನ ಆಸುಪಾಸಿಗೆ ಇಳಿದಿದೆ. ಹಾರುವ ಗುಂಡು ಮಾತ್ರ ಎರಡರಲ್ಲಿಯೂ ಅದೇ 9 ಮಿ.ಮೀ.ನದು. ಅಂಗಿಯೊಳಗೆ ಅಡಗಿಸಲು ಅನುಕೂಲ ಮಾಡಿಕೊಡುವ ಈ ಇಳಿಕೆಯೇ ಹಾರಿಸುವಾಗ ಒದೆತವನ್ನು ಹೆಚ್ಚಿಸುತ್ತದೆ.

ಕಾನೂನಿನ ಮಾತನ್ನು ಮೊದಲೇ ಮುಗಿಸೋಣ. ಅಮೆರಿಕದಲ್ಲಿ ಪರವಾನಗಿಯುಳ್ಳ ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು ಮತ್ತು ಖರೀದಿದಾರರ ಘೋಷಣಾ ಪತ್ರವಾದ ಫಾರ್ಮ್ 4473 ತುಂಬಿಸಿ ಹಿನ್ನೆಲೆ ಪರಿಶೀಲನೆಗೆ ಒಳಪಡಬೇಕು. ಗ್ರೀನ್ ಕಾರ್ಡ್ ಉಳ್ಳವರು ಕೊಳ್ಳಬಹುದು. ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಬಂದೂಕು ಇಟ್ಟುಕೊಳ್ಳುವುದು ನಿಷಿದ್ಧವಾದ್ದರಿಂದ, ಅವರು ರೇಂಜಿನಲ್ಲಿ ಬಾಡಿಗೆಗೆ ಪಡೆಯುವ ಮುನ್ನವೂ ನಿಯಮವನ್ನು ವಿಚಾರಿಸಿಕೊಳ್ಳಬೇಕು. ಭಾರತದಲ್ಲಿ 9 ಮಿ.ಮೀ. ನಿಷೇಧಿತ ಬೋರ್ (ನಳಿಗೆಯ ಒಳಅಳತೆ) ಆಗಿರುವುದರಿಂದ ಸಾಮಾನ್ಯ ಪರವಾನಗಿದಾರರಿಗೆ ಈ ಹೋಲಿಕೆ ಅನ್ವಯಿಸುವುದಿಲ್ಲ.

ಹಂತ 1: ಬಾಡಿಗೆಗೆ ಪಿಸ್ತೂಲು ಕೊಡುವ ರೇಂಜನ್ನು ಹುಡುಕಿ, ಮೂರು ಅಥವಾ ನಾಲ್ಕನ್ನು ಮಾತ್ರ ಆರಿಸಿಕೊಳ್ಳಿ. ಗ್ಲಾಕ್ 43, 2012ರಿಂದ ಬಳಕೆಯಲ್ಲಿರುವ ಸ್ಮಿತ್ ಆ್ಯಂಡ್ ವೆಸನ್ ಶೀಲ್ಡ್, ವಾಲ್ಥರ್ ಪಿಪಿಎಸ್ ಮತ್ತು ರೂಗರ್ ಎಲ್‌ಸಿ9ಎಸ್ ಒಳ್ಳೆಯ ಆರಂಭ. ಹಳೆಯ ಪಿಸ್ತೂಲು ಕೊಳ್ಳುವವರು ಕೊನೆಯದರ ಹೆಸರನ್ನು ಎರಡು ಸಲ ಓದಬೇಕು. 2011ರ ಎಲ್‌ಸಿ9ಕ್ಕೆ ಉದ್ದನೆಯ ಎಳೆತದ, ಹ್ಯಾಮರ್ (ಸೂಜಿಗೆ ಬಡಿದು ಗುಂಡು ಸಿಡಿಸುವ ಪುಟ್ಟ ಸುತ್ತಿಗೆ) ಇರುವ ಟ್ರಿಗರ್ ಇದೆ. 2014ರ ಎಲ್‌ಸಿ9ಎಸ್‌ಗೆ ಗಿಡ್ಡ ಎಳೆತದ ಸ್ಟ್ರೈಕರ್ (ಸುತ್ತಿಗೆಯಿಲ್ಲದೆ ಸ್ಪ್ರಿಂಗಿನಿಂದಲೇ ಮುನ್ನುಗ್ಗುವ ಸೂಜಿ) ವ್ಯವಸ್ಥೆ ಇದೆ. ಕೊನೆಯ ಒಂದಕ್ಷರವನ್ನು ಗಮನಿಸದೆ ಅಗ್ಗದ ಬೆಲೆಗೆ ಮಾರುಹೋದವರು ಬೇರೆಯದೇ ಪಿಸ್ತೂಲನ್ನು ಮನೆಗೆ ತರುತ್ತಾರೆ.

ಹಂತ 2: 115 ಅಥವಾ 124 ಗ್ರೇನ್ ತೂಕದ, ಒಂದೇ ಕಂಪನಿಯ ಗುಂಡುಗಳನ್ನು ಎಲ್ಲ ಪಿಸ್ತೂಲುಗಳಿಗೂ ಬಳಸಿ. ಗುಂಡು ಬದಲಾದರೆ ಹೋಲಿಕೆಗೆ ಅರ್ಥವಿಲ್ಲ.

ಹಂತ 3: ಖಾಲಿ ಪಿಸ್ತೂಲಿನಲ್ಲಿ ಹಿಡಿತದ ಪರೀಕ್ಷೆ. ಜನರು ತಪ್ಪುವುದು ಇಲ್ಲಿಂದಲೇ, ಹಾಗಾಗಿ ಇಲ್ಲಿ ಆತುರ ಬೇಡ. ಮ್ಯಾಗಜಿನ್ ತೆಗೆದು, ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡನ್ನು ಹಿಂದಕ್ಕೆಳೆದು, ಹಾರಬೇಕಾದ ಗುಂಡು ಕೂರುವ ಚೇಂಬರ್ ಖಾಲಿಯಿರುವುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ನಳಿಗೆಯನ್ನು ಗುರಿಹಾಳೆಯ ದಿಕ್ಕಿಗೇ ಇರಿಸಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲನ್ನು ಹಿಡಿಯ ಹಿಂಬದಿಯಲ್ಲಿ ಎಷ್ಟು ಮೇಲಕ್ಕೆ ಹೋಗುವುದೋ ಅಷ್ಟು ಮೇಲಕ್ಕೆ ಒತ್ತಿ, ನಳಿಗೆಯೂ ಮುಂಗೈಯೂ ಒಂದೇ ಗೆರೆಯಲ್ಲಿರುವಂತೆ ಹಿಡಿಯಿರಿ. ಈ ಹಿಡಿತವನ್ನು ಕದಲಿಸದೆ ತೋರುಬೆರಳು ಟ್ರಿಗರಿನ ಮೇಲೆ ಎಲ್ಲಿ ಕೂರುತ್ತದೆಂದು ನೋಡಬೇಕು. ಬೆರಳ ತುದಿಯ ಮೆತ್ತನೆಯ ಭಾಗದ ಮಧ್ಯದಿಂದ ಮೊದಲ ಗೆಣ್ಣಿನವರೆಗೆ ಎಲ್ಲಿ ಕೂತರೂ ಸರಿ. ಟ್ರಿಗರ್ ಮುಟ್ಟಲು ಇಡೀ ಕೈಯನ್ನು ಹೊರಳಿಸಬೇಕಾದರೆ ಆ ಪಿಸ್ತೂಲು ನಿಮ್ಮದಲ್ಲ. ಬೆರಳು ಎರಡನೆಯ ಗೆಣ್ಣಿನವರೆಗೆ ಒಳಹೋಗಿ ಮಡಚಿಕೊಂಡರೂ ನಿಮ್ಮದಲ್ಲ.

ತೆಳು ಹಿಡಿಯು ಎಲ್ಲರಿಗೂ ಸುಲಭವೆಂಬ ನಂಬಿಕೆ ಇಲ್ಲಿಯೇ ಕಳಚುತ್ತದೆ. ದೊಡ್ಡ ಕೈಯವರು ಒಂಟಿಸಾಲಿನ ಪಿಸ್ತೂಲನ್ನು ಹಿಡಿದಾಗ ಬಲಗೈಯ ಬೆರಳುಗಳು ಹಿಡಿಯನ್ನು ಪೂರ್ತಿಯಾಗಿ ಸುತ್ತಿ ಎಡಬದಿಯನ್ನೂ ಮುಚ್ಚಿಬಿಡುತ್ತವೆ. ಒದೆತವನ್ನು ಹತೋಟಿಯಲ್ಲಿಡಬೇಕಾದ ಎಡಗೈಯ ಅಂಗೈಗೆ ಆಗ ಹಿಡಿಯ ಮೇಲೆ ಜಾಗವೇ ಉಳಿಯದೆ, ಅದು ಬಲಗೈಯ ಉಗುರುಗಳನ್ನಷ್ಟೇ ಅದುಮಿಕೊಂಡಿರುತ್ತದೆ. ಒಂದು ಗುಂಡಿಗೆ ಇದು ತಿಳಿಯುವುದಿಲ್ಲ. ಐದನೆಯ ಗುಂಡಿಗೆ ಕೈಗಳು ಬೇರ್ಪಟ್ಟಿರುತ್ತವೆ. ಆದ್ದರಿಂದ ಎಡ ಅಂಗೈಯ ಬುಡವು ಹಿಡಿಯ ಬದಿಯನ್ನು ನೇರವಾಗಿ ಮುಟ್ಟುತ್ತಿದೆಯೇ ಎಂಬುದನ್ನು ಪ್ರತಿ ಪಿಸ್ತೂಲಿನಲ್ಲಿಯೂ ಪರೀಕ್ಷಿಸಬೇಕು. 2007ರ ಮೊದಲ ಪಿಪಿಎಸ್‌ಗೆ ಹಿಡಿಯ ಹಿಂಬದಿಯ ಪಟ್ಟಿಯನ್ನು ಬದಲಿಸುವ ಸೌಲಭ್ಯವಿತ್ತು. 2016ರ ಎಂ2 ಮಾದರಿಯಲ್ಲಿ ಅದನ್ನು ಕೈಬಿಟ್ಟದ್ದು ನನ್ನ ದೃಷ್ಟಿಯಲ್ಲಿ ತಪ್ಪು.

ಕಿರುಬೆರಳಿನದು ಇನ್ನೊಂದು ತಕರಾರು. ಚಪ್ಪಟೆ ತಳದ ಮ್ಯಾಗಜಿನ್ ಹಾಕಿದ ಗ್ಲಾಕ್ 43ರಲ್ಲಿ ಅದು ಗಾಳಿಯಲ್ಲಿ ತೂಗುತ್ತದೆ. ತಳಕ್ಕೆ ಚಾಚಿಕೆಯುಳ್ಳ ಮ್ಯಾಗಜಿನ್ ಅಥವಾ ಶೀಲ್ಡಿನ 8 ಗುಂಡಿನ ಉದ್ದ ಮ್ಯಾಗಜಿನ್ ಹಾಕಿದರೆ ಅದಕ್ಕೂ ನೆಲೆ ಸಿಗುತ್ತದೆ. ಹೊರಗಿನ ಕಂಪನಿಗಳ ಅಗ್ಗದ ಚಾಚಿಕೆಗಳಲ್ಲಿ ಹಲವು ಹಿಡಿಗೆ ಸರಿಯಾಗಿ ಕೂಡದೆ, ಪ್ರತಿ ಗುಂಡಿಗೂ ನಡುವಿನ ಸಂದಿನಲ್ಲಿ ಚರ್ಮವನ್ನು ಕಚ್ಚುತ್ತವೆ. ಹಿಡಿಗೆ ತೊಡಿಸುವ ರಬ್ಬರಿನ ಚೀಲಗಳನ್ನಂತೂ ಕೊಳ್ಳಲೇಬೇಡಿ. ಬೆವರಿದ ಕೈಯಲ್ಲಿ ಅವು ತಿರುಗುತ್ತವೆ, ತಿರುಗುವ ಹಿಡಿಯಿಂದ ಗುರಿ ಹಿಡಿಯಲಾಗದು. ಅಂಟಿಸುವ ಮರಳುಗಾಗದದಂತಹ ಪಟ್ಟಿಗಳು ಮೇಲು.

ಕೊನೆಯಲ್ಲಿ ಕಣ್ಣು ಮುಚ್ಚಿ, ಖಾಲಿ ಪಿಸ್ತೂಲನ್ನು ಗುರಿಹಾಳೆಯತ್ತ ಎತ್ತಿ, ಕಣ್ಣು ತೆರೆಯಿರಿ. ಮುಂದಿನ ಗುರಿಮೊನೆ ಹಿಂದಿನ ಗುರಿಕಚ್ಚಿನಲ್ಲಿ ತಾನಾಗಿ ಕೂತಿದ್ದರೆ ಹಿಡಿಯ ಕೋನ ನಿಮ್ಮ ಮಣಿಕಟ್ಟಿಗೆ ಒಪ್ಪಿದೆ ಎಂದರ್ಥ. ಬೇರೆ ಪಿಸ್ತೂಲುಗಳಿಗೆ ಒಗ್ಗಿಕೊಂಡ ಕೈಗೆ ಗ್ಲಾಕಿನ ನಳಿಗೆ ತುಸು ಮೇಲೆ ನೋಡುತ್ತಿರುವಂತೆ ತೋರುವುದುಂಟು. ಅಭ್ಯಾಸದಿಂದ ತಿದ್ದಿಕೊಳ್ಳಬಹುದಾದ ದೋಷವಾದ್ದರಿಂದ ಇದಕ್ಕೆ ನಾನು ಹೆಚ್ಚು ಅಂಕ ಕಳೆಯುವುದಿಲ್ಲ.

ಹಂತ 4: ಹಾರಿಸಿ ಹೋಲಿಸುವುದು. ಕಿವಿಗೂ ಕಣ್ಣಿಗೂ ರಕ್ಷೆ ಧರಿಸಿ, ಗುರಿಹಾಳೆಯನ್ನು 7 ಗಜಕ್ಕೆ, ಅಂದರೆ ಸುಮಾರು 6.4 ಮೀಟರಿಗೆ ನಿಲ್ಲಿಸಿ. ಪ್ರತಿ ಪಿಸ್ತೂಲಿಗೆ ಬೇರೆ ಹಾಳೆ ಇರಲಿ. ಒಂದರಲ್ಲಿ 5 ಗುಂಡು ಹಾರಿಸಿ ಇನ್ನೊಂದನ್ನು ಎತ್ತಿಕೊಳ್ಳಬೇಕು. ಹೀಗೆ ಮೂರು ಸುತ್ತು, ಪ್ರತಿ ಸುತ್ತಿನಲ್ಲಿಯೂ ಕ್ರಮ ಬದಲಿಸಿ. ಒಂದೇ ಪಿಸ್ತೂಲಿನಲ್ಲಿ 50 ಗುಂಡು ಹಾರಿಸಿ ಆಮೇಲೆ ಮುಂದಿನದಕ್ಕೆ ಹೋದರೆ, ದಣಿದ ಕೈಯ ದೋಷವೆಲ್ಲ ಎರಡನೆಯದರ ತಲೆಗೆ ಕಟ್ಟುತ್ತದೆ. ಮೊದಲ ಸುತ್ತು ನಿಧಾನವಾಗಿರಲಿ. ಎರಡನೆಯದರಲ್ಲಿ, ರೇಂಜಿನ ನಿಯಮ ಅನುಮತಿಸಿದರೆ, ಗುರಿಮೊನೆ ಕಚ್ಚಿಗೆ ಮರಳಿದೊಡನೆ ಮುಂದಿನ ಗುಂಡು ಹಾರಿಸಿ. ನನ್ನ ತೀರ್ಮಾನವೆಲ್ಲ ನಿಂತಿರುವುದು ಈ ಎರಡನೆಯ ಸುತ್ತಿನ ಮೇಲೆ. ಒದೆತ ಜೋರಾಗಿದ್ದರೂ ಮೊನೆ ಪ್ರತಿ ಸಲ ಅದೇ ಜಾಗಕ್ಕೆ ಮರಳುವ ಪಿಸ್ತೂಲು, ಮೆತ್ತಗೆ ಒದ್ದು ಪ್ರತಿ ಸಲ ಬೇರೆ ಬೇರೆ ಕಡೆಗೆ ಹೋಗುವ ಪಿಸ್ತೂಲಿಗಿಂತ ಮೇಲು.

ಮೂರನೆಯ ಸುತ್ತಿನಲ್ಲಿ ಜೊತೆಗಾರರು ನಿಮಗೆ ಕಾಣದಂತೆ ಗುಂಡುಗಳ ನಡುವೆ ಒಂದೆರಡು ಪ್ಲಾಸ್ಟಿಕ್ಕಿನ ಹುಸಿಗುಂಡುಗಳನ್ನು ಸೇರಿಸಿ ಮ್ಯಾಗಜಿನ್ ತುಂಬಿಸಿಕೊಡಲಿ. ಹುಸಿಗುಂಡಿನ ಸರದಿಯಲ್ಲಿ ಪಿಸ್ತೂಲು ಸಿಡಿಯದಿದ್ದರೂ ನಳಿಗೆಯ ತುದಿ ಕೆಳಕ್ಕೆ ಬಗ್ಗಿದರೆ, ನೀವು ಒದೆತಕ್ಕೆ ಹೆದರಿ ಮುಂಚಿತವಾಗಿಯೇ ಮಣಿಕಟ್ಟನ್ನು ತಗ್ಗಿಸುತ್ತಿದ್ದೀರಿ. ಬಲಗೈಯವರ ಗುಂಡುಗಳು ಕೆಳಗೆ ಎಡಕ್ಕೆ ಗುಂಪುಗೂಡುವುದಕ್ಕೆ ಸಾಮಾನ್ಯ ಕಾರಣ ಇದೇ. ಇದನ್ನು ಗುರಿಕಚ್ಚಿನ ದೋಷವೆಂದು ಭಾವಿಸಿ, ಅದನ್ನು ಸುತ್ತಿಗೆಯಿಂದ ತಟ್ಟಿ ಸರಿಸಿದವರನ್ನು ನಾನು ಬಲ್ಲೆ. ಕೊಡಗಿನಲ್ಲಿ ಕೋವಿ ಹಿಡಿದೇ ಬೆಳೆದ ನನ್ನ ಬಂಧುವೊಬ್ಬರು ಕೂಡ ಮೊದಲ ದಿನ ಹೀಗೆಯೇ ಹಾಳೆಯ ಮೂಲೆಗೆ ಹಾರಿಸಿದರು. ಕೋವಿಯ ಒದೆತವನ್ನು ಭುಜ ಹೊರುತ್ತದೆ, ಅರ್ಧ ಕಿಲೋ ತೂಕದ ಪಿಸ್ತೂಲಿನ ಒದೆತ ಪೂರ್ತಿಯಾಗಿ ಮಣಿಕಟ್ಟಿನದು. ಗುರಿಮೊನೆಗೂ ಕಚ್ಚಿಗೂ ನಡುವಿನ ಅಂತರ ಗ್ಲಾಕ್ 43ರಲ್ಲಿ ಕೇವಲ 13 ಸೆಂ.ಮೀ. ಇರುವುದರಿಂದ, ಜೋಡಣೆಯಲ್ಲಿ 1 ಮಿ.ಮೀ. ತಪ್ಪಿದರೂ 7 ಗಜದಲ್ಲಿ ಗುಂಡು ಸುಮಾರು 5 ಸೆಂ.ಮೀ. ಆಚೆ ಬೀಳುತ್ತದೆ. ಪ್ರತಿ ಪಿಸ್ತೂಲಿನ ಹಾಳೆಯ ಹಿಂಬದಿಯಲ್ಲಿ ಅದರ ಹೆಸರನ್ನೂ, ಎಷ್ಟು ಸಲ ನಳಿಗೆ ತಗ್ಗಿತೆಂಬುದನ್ನೂ ಬರೆದಿಡಿ.

ಹಂತ 5: ಸ್ಲೈಡನ್ನು ಹತ್ತು ಸಲ ಎಳೆದು ನೋಡಿ. ಪುಟ್ಟ ಪಿಸ್ತೂಲುಗಳ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಬೆರಳಿನಲ್ಲಿ ಬಲವಿಲ್ಲದವರು ಅಥವಾ ಸಂಧಿವಾತ ಉಳ್ಳವರು ಮೆತ್ತನೆಯ ಸ್ಪ್ರಿಂಗಿನ ಶೀಲ್ಡ್ ಇಝೆಡ್ ಮಾದರಿಯನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಈ ನಾಲ್ಕರಲ್ಲಿ ನನ್ನ ಮತ ಶೀಲ್ಡಿಗೆ, ಅದರಲ್ಲೂ ಹಿಡಿಯ ಮೇಲ್ಮೈ ಹೆಚ್ಚು ಒರಟಾಗಿರುವ 2017ರ ಎಂ2.0 ಮಾದರಿಗೆ. ದೊಡ್ಡ ಕೈಯವರು ಇದನ್ನು ನಂಬಬೇಕಿಲ್ಲ. ಅವರು 2019ರ ಗ್ಲಾಕ್ 43ಎಕ್ಸ್ ಅನ್ನು ಪಟ್ಟಿಗೆ ಸೇರಿಸಿಕೊಂಡು ಇದೇ ಪರೀಕ್ಷೆ ನಡೆಸಲಿ, ಅದರ ಸ್ಲೈಡ್ ಅಷ್ಟೇ ಗಿಡ್ಡವಾಗಿದ್ದರೂ ಹಿಡಿ ಉದ್ದವಾಗಿದೆ. ಅಂಗಡಿಯವರು ಟ್ರಿಗರ್ ಕಾವಲಿನ ಕೆಳಗೆ ಸಿಕ್ಕಿಸುವ ಲೇಸರನ್ನು ಜೊತೆಗೆ ಮಾರಲು ನೋಡಿದರೆ ಬೇಡವೆನ್ನಿ. ಆ ಹಣಕ್ಕೆ ಕಂಪನಿಯದೇ ಎರಡು ಹೆಚ್ಚುವರಿ ಮ್ಯಾಗಜಿನ್ ಬರುತ್ತವೆ. ರೇಂಜಿನಿಂದ ಹೊರಡುವಾಗ ಏನನ್ನೂ ತಿನ್ನುವ ಮುನ್ನ ತಣ್ಣೀರು ಮತ್ತು ಸೋಪಿನಿಂದ ಕೈ ತೊಳೆಯಿರಿ, ಏಕೆಂದರೆ ಗುಂಡಿನ ಸೀಸದ ಧೂಳು ಅಂಗೈಗೆ ಅಂಟಿರುತ್ತದೆ.